ಮೈಸೂರಿನ ಆನೆ ಹೋದ ನಾಡಿನಲ್ಲಿ ಎಂಟು ದಿನ

ಎರಡನೆಯ ಮಹಾಯುದ್ಧ ಮುಗಿದು ನಾಲ್ಕು ವರ್ಷಗಳಾಗಿದ್ದವು. ಟೋಕಿಯೋದ ಉಯೆನೋ ಮೃಗಾಲಯದಲ್ಲಿ ಒಂದೇ ಒಂದು ಆನೆಯೂ ಇರಲಿಲ್ಲ. ಬಾಂಬು ಬಿದ್ದು ಬೋನು ಮುರಿದರೆ ಪ್ರಾಣಿಗಳು ಊರೊಳಗೆ ನುಗ್ಗಿಯಾವು ಎಂಬ ಭಯದಿಂದ 1943ರಲ್ಲಿ ಅಲ್ಲಿನ ಮೂರು ಆನೆಗಳನ್ನು ಉಪವಾಸ ಕೆಡವಿ ಸಾಯಿಸಲಾಗಿತ್ತು. ಆನೆಯನ್ನೇ ಕಾಣದೆ ಬೆಳೆಯುತ್ತಿದ್ದ ಟೋಕಿಯೋದ ಮಕ್ಕಳು ಭಾರತದ ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. ಕೇಳಿದ್ದು ಒಂದೇ: ಒಂದು ಆನೆ ಕಳುಹಿಸಿಕೊಡಿ!

ನೆಹರೂ ಒಪ್ಪಿದರು. 1949ರ ಸೆಪ್ಟೆಂಬರ್‌ನಲ್ಲಿ ಹಡಗಿನಿಂದಿಳಿದು ಟೋಕಿಯೋ ತಲುಪಿದ ಆ ಹೆಣ್ಣಾನೆ ಮೈಸೂರು ಸೀಮೆಯದು. ನೆಹರೂ ತಮ್ಮ ಮಗಳ ಹೆಸರನ್ನೇ ಅದಕ್ಕೆ ಇಟ್ಟಿದ್ದರು: ಇಂದಿರಾ. ಆನೆಗೆ ಅರ್ಥವಾಗುತ್ತಿದ್ದ ಭಾಷೆಯೆಂದರೆ ಕನ್ನಡ. ಹೀಗಾಗಿ ಜೊತೆಯಲ್ಲಿ ಹೋಗಿದ್ದ ಮಾವುತರಿಂದ ಜಪಾನಿನ ಪಾಲಕರು ಕನ್ನಡದ ಮಾತುಗಳನ್ನು ಕಲಿಯಬೇಕಾಯಿತು. ಯುದ್ಧದಲ್ಲಿ ಸೋತು ಬಡವಾಗಿದ್ದ ನಾಡಿನ ಮಕ್ಕಳನ್ನು ರಂಜಿಸುತ್ತ ಇಂದಿರಾ 1983ರವರೆಗೆ ಅಲ್ಲೇ ಬದುಕಿತ್ತು.

ಆನೆ ಹಡಗಿನಲ್ಲಿ ಹೋದ ದೂರವನ್ನು ಇಂದು ಬೆಂಗಳೂರಿನಿಂದ ಟೋಕಿಯೋದ ನರಿತಾ ನಿಲ್ದಾಣಕ್ಕೆ ನೇರ ವಿಮಾನ ಒಂದೇ ರಾತ್ರಿಯಲ್ಲಿ ದಾಟುತ್ತದೆ. ಜಪಾನಿಗೆ ಮಕ್ಕಳೊಂದಿಗೆ ಹೋಗಿಬರುವ ಕನ್ನಡ ಕುಟುಂಬಗಳು ಈಗ ಅಪರೂಪವಲ್ಲ. ಆದರೆ ನಾಲ್ಕು ಜನರ ಪ್ರವಾಸವೆಂದರೆ ಮಧ್ಯಮ ವರ್ಗದ ಮನೆಯಲ್ಲಿ ವರ್ಷಗಟ್ಟಲೆ ಕೂಡಿಟ್ಟ ಹಣದ ಮಾತು. ಅಷ್ಟು ಖರ್ಚು ಮಾಡಿ ಬರೀ ಛಾಯಾಚಿತ್ರಗಳನ್ನೂ ಸೂಟ್‌ಕೇಸಿನ ತುಂಬ ಸಾಮಾನನ್ನೂ ತಂದರೆ ಸಾಕೆ? ಮಕ್ಕಳ ತಲೆಯೊಳಗೂ ಏನಾದರೂ ಬರಬೇಡವೆ? ಎಂಟು ದಿನಗಳ ಈ ದಾರಿ ಅಂಥ ತಂದೆ ತಾಯಂದಿರಿಗಾಗಿ.

ಹೊರಡುವ ಮುನ್ನ

ಮೊದಲು ಕಾಲ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್‌ನಲ್ಲಿ. ಟೋಕಿಯೋ, ಕ್ಯೋಟೋಗಳಲ್ಲಿ ಚೆರ್ರಿ ಹೂವು ಅರಳುವುದು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ. ಹೂವು ನಿಲ್ಲುವುದು ಒಂದೆರಡು ವಾರ ಮಾತ್ರ. ಏಪ್ರಿಲ್ ಕೊನೆಯಿಂದ ಮೇ 5ರವರೆಗೆ 'ಗೋಲ್ಡನ್ ವೀಕ್' ಎಂಬ ಸಾಲು ರಜೆಗಳಲ್ಲಿ ಜಪಾನಿಗೆ ಜಪಾನೇ ಊರು ಬಿಟ್ಟು ಹೊರಡುತ್ತದೆ. ಆಗ ಹೋಗದಿರುವುದು ಲೇಸು. ಜೂನ್‌ನಿಂದ ಜುಲೈ ನಡುವಿನವರೆಗೆ ಜಡಿಮಳೆ, ಆಗಸ್ಟ್ ಸೆಪ್ಟೆಂಬರ್‌ಗಳಲ್ಲಿ ಸೆಕೆ ಮತ್ತು ಚಂಡಮಾರುತ. ದಸರಾ ರಜೆಯ ಅಕ್ಟೋಬರ್ ತಿಂಗಳು ಹಿತವಾದ ಹವೆಯದು.

ಭಾರತೀಯರಿಗೆ ವೀಸಾ ಬೇಕು. ಅಲ್ಲಿ ಇರುವಷ್ಟು ದಿನವೂ ವಿದೇಶಿಯರು ಪಾಸ್‌ಪೋರ್ಟನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂಬುದು ಕಾನೂನು. ಗಡಿಯಾರವನ್ನು ಮೂರೂವರೆ ಗಂಟೆ ಮುಂದಕ್ಕೆ ತಿರುಗಿಸಬೇಕು.

ಔಷಧಿಯ ಬಗ್ಗೆ ಎಚ್ಚರ ಅಗತ್ಯ. ನೆಗಡಿ ಕೆಮ್ಮಿಗೆಂದು ಇಲ್ಲಿ ಸುಲಭವಾಗಿ ಸಿಗುವ ಕೆಲವು ಮಾತ್ರೆ, ಸಿರಪ್‌ಗಳಲ್ಲಿರುವ ಸೂಡೋಎಫೆಡ್ರಿನ್ ಮತ್ತು ಕೊಡೀನ್‌ಗಳ ಮೇಲೆ ಜಪಾನಿನಲ್ಲಿ ಕಟ್ಟುನಿಟ್ಟಿನ ಮಿತಿಗಳಿವೆ. ವೈದ್ಯರ ಚೀಟಿ ಇರಲಿ, ಔಷಧಿ ಒಂದು ತಿಂಗಳಿಗಾಗುವಷ್ಟನ್ನು ಮೀರದಿರಲಿ. ಹಣ್ಣು, ತರಕಾರಿ, ಹಸಿ ಕರಿಬೇವಿನಂಥವನ್ನು ಸರ್ಟಿಫಿಕೇಟಿಲ್ಲದೆ ಒಯ್ಯುವಂತಿಲ್ಲ. ಚಟ್ನಿಪುಡಿಯನ್ನು ಒಯ್ಯುವವರು ಅದನ್ನು ಕಂಪೆನಿಯ ಪೊಟ್ಟಣದಲ್ಲೇ ಇಟ್ಟರೆ ಸುಂಕದವರಿಗೆ ವಿವರಿಸುವ ಕಷ್ಟ ತಪ್ಪುತ್ತದೆ.

ಇನ್ನು ವಿದ್ಯುತ್ತು. ಜಪಾನಿನ ಮನೆಗಳಿಗೆ ಬರುವುದು 100 ವೋಲ್ಟ್, ಭಾರತದಲ್ಲಿ 230. ಅಲ್ಲಿನ ಸಾಕೆಟ್ಟಿಗೆ ಚಪ್ಪಟೆಯ ಎರಡು ಕಡ್ಡಿಗಳ ಪ್ಲಗ್ಗೇ ಆಗಬೇಕು. ಮೊಬೈಲ್ ಚಾರ್ಜರ್‌ಗಳು ಎರಡೂ ಕಡೆ ನಡೆಯುತ್ತವೆ. ಆದರೆ ರಾತ್ರಿ ಮಗುವಿಗೆ ಹಾಲು ಕಾಯಿಸೋಣವೆಂದು ಮನೆಯ 1000 ವ್ಯಾಟಿನ ಬಿಸಿನೀರ ಕೆಟಲನ್ನು ಒಯ್ದರೆ? ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣ ಎಂಬುದು ಹತ್ತನೆಯ ತರಗತಿಯ ಪಾಠ. ಲೆಕ್ಕ ಹಾಕಿದರೆ ಆ ಕೆಟಲಿಗೆ ದೊರೆಯುವುದು ಸುಮಾರು 190 ವ್ಯಾಟ್ ಮಾತ್ರ. ನೀರು ಕಾಯುವ ಹೊತ್ತಿಗೆ ಮಗು ಮಲಗಿರುತ್ತದೆ!

ಟೋಕಿಯೋದಲ್ಲಿ ಮೂರು ದಿನ

ನಿಲ್ದಾಣದಲ್ಲಿಳಿದ ಕೂಡಲೇ ಸುಯಿಕಾ ಅಥವಾ ಪಾಸ್ಮೊ ಎಂಬ ಕಾರ್ಡನ್ನು ಪಡೆಯುವುದು ಒಳ್ಳೆಯದು. ಹಣ ತುಂಬಿಸಿದ ಈ ಕಾರ್ಡನ್ನು ಗೇಟಿನ ಮೇಲೆ ಮುಟ್ಟಿಸಿದರೆ ರೈಲು, ಬಸ್ಸುಗಳ ದರ ತಾನಾಗಿ ಕಳೆಯುತ್ತದೆ, ಅಂಗಡಿಗಳಲ್ಲೂ ನಡೆಯುತ್ತದೆ. 6ರಿಂದ 11 ವರ್ಷದ ಮಕ್ಕಳಿಗೆ ಅರ್ಧ ದರ. ಅದಕ್ಕೆ ಪಾಸ್‌ಪೋರ್ಟ್ ತೋರಿಸಿ ಮಕ್ಕಳ ಕಾರ್ಡನ್ನು ಪ್ರತ್ಯೇಕವಾಗಿ ಕೇಳಬೇಕು.

ಮೊದಲ ದಿನ ಉಯೆನೋ. ಇಂದಿರಾ ಇದ್ದ ಮೃಗಾಲಯವೂ, ರಾಷ್ಟ್ರೀಯ ನಿಸರ್ಗ ಮತ್ತು ವಿಜ್ಞಾನ ವಸ್ತುಸಂಗ್ರಹಾಲಯವೂ ಒಂದೇ ಉದ್ಯಾನದಲ್ಲಿವೆ. ಭೂಮಿ ತಿರುಗುವುದನ್ನು ಕಣ್ಣಾರೆ ತೋರಿಸುವ ಫೂಕೋ ಲೋಲಕ ಇಲ್ಲಿದೆ. ಹೈಸ್ಕೂಲಿನವರೆಗಿನ ವಿದ್ಯಾರ್ಥಿಗಳಿಗೆ ಇಲ್ಲಿನ ಶಾಶ್ವತ ಪ್ರದರ್ಶನ ಉಚಿತ. ಸತ್ತುಹೋದ ಒಡೆಯನಿಗಾಗಿ ಹತ್ತು ವರ್ಷ ಪ್ರತಿದಿನ ಶಿಬುಯಾ ರೈಲು ನಿಲ್ದಾಣದಲ್ಲಿ ಕಾದ ಹಚಿಕೋ ಎಂಬ ನಾಯಿಯ ಕಥೆ ಮಕ್ಕಳಿಗೆ ಗೊತ್ತಿರಬಹುದು. ಒಡೆಯ, ಕೃಷಿ ವಿಜ್ಞಾನದ ಪ್ರಾಧ್ಯಾಪಕ ಉಯೆನೋ, 1925ರಲ್ಲಿ ತೀರಿಕೊಂಡರು. ನಾಯಿ ಸತ್ತದ್ದು 1935ರಲ್ಲಿ. ಶಿಬುಯಾದಲ್ಲಿರುವುದು ಅದರ ಕಂಚಿನ ಪ್ರತಿಮೆ; ಅದರ ಚರ್ಮವನ್ನು ತುಂಬಿ ನಿಲ್ಲಿಸಿದ ರೂಪ ಇರುವುದು ಈ ವಸ್ತುಸಂಗ್ರಹಾಲಯದಲ್ಲಿ. ಹೆಚ್ಚಿನ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ ಎಂಬುದನ್ನು ಮರೆಯಬಾರದು.

ಉದ್ಯಾನದ ಪಕ್ಕದ ಶಿನೊಬಾಜು ಕೊಳದ ನಡುವೆ ಒಂದು ಗುಡಿ. ಅಲ್ಲಿನ ದೇವತೆಯ ಹೆಸರು ಬೆಂಜೈತೆನ್. ವೀಣೆಯನ್ನು ಹೋಲುವ ತಂತಿವಾದ್ಯ ಹಿಡಿದ ಈಕೆ ಬೇರೆ ಯಾರೂ ಅಲ್ಲ, ಬೌದ್ಧರ ಜೊತೆಯಲ್ಲಿ ಚೀನಾದ ಮೂಲಕ ಜಪಾನಿಗೆ ಹೋದ ಸರಸ್ವತಿ! ಅಸಕುಸಾ ಬಡಾವಣೆಯ ಮತ್ಸುಚಿಯಾಮಾ ಗುಡಿಯಲ್ಲಿ ಗಣೇಶನ ಜಪಾನೀ ರೂಪವಿದೆ. ಅಲ್ಲಿ ಗಣಪನಿಗೆ ಕಡುಬು ಮೋದಕಗಳ ಬದಲು ಬಿಳಿ ಮೂಲಂಗಿಯ ನೈವೇದ್ಯ.

ಅದೇ ಅಸಕುಸಾದಲ್ಲಿ ಸೆನ್ಸೋಜಿ ದೇವಾಲಯ. ದೊಡ್ಡ ಕೆಂಪು ಗೂಡುದೀಪ ತೂಗುವ ಮಹಾದ್ವಾರವನ್ನು ದಾಟಿದರೆ ಸುಮಾರು 250 ಮೀಟರ್ ಉದ್ದಕ್ಕೂ ಅಂಗಡಿ ಸಾಲು. ದೇವಾಲಯದ ಇತಿಹಾಸ ಏಳನೆಯ ಶತಮಾನದ್ದು, ಆದರೆ ಮುಖ್ಯ ಮಂದಿರ 1958ರದು. 1945ರ ಮಾರ್ಚ್ 10ರ ರಾತ್ರಿ ಬೆಂಕಿ ಬಾಂಬುಗಳ ದಾಳಿಯಲ್ಲಿ ಹಳೆಯ ಮಂದಿರ ಸುಟ್ಟುಹೋಯಿತು. ಸುತ್ತಲಿನ ಬಡಾವಣೆಗಳಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ಹೊಳೆಯುವ ಟೋಕಿಯೋದಲ್ಲಿ ಹಳೆಯ ಕಟ್ಟಡಗಳು ಏಕೆ ಕಡಿಮೆ ಎಂಬ ಮಗುವಿನ ಪ್ರಶ್ನೆಗೆ 1923ರ ಭೂಕಂಪದ ಜೊತೆಗೆ ಇದೂ ಒಂದು ಉತ್ತರ.

ನದಿಯಾಚೆ ಕಾಣುವ ಸ್ಕೈಟ್ರೀ ಗೋಪುರ 2012ರಲ್ಲಿ ತೆರೆಯಿತು, ಎತ್ತರ 634 ಮೀಟರ್. ಆರಕ್ಕೆ 'ಮು', ಮೂರಕ್ಕೆ 'ಸಾ', ನಾಲ್ಕಕ್ಕೆ 'ಶಿ' ಎಂದು ಓದಿದರೆ 'ಮುಸಾಶಿ' ಎಂದಾಗುತ್ತದೆ. ಅದು ಆ ಪ್ರದೇಶದ ಹಳೆಯ ಹೆಸರು. ಮೂರನೆಯ ದಿನವನ್ನು ಒದೈಬಾದ ಮಿರೈಕಾನ್ ವಿಜ್ಞಾನ ಕೇಂದ್ರಕ್ಕೆ ಮೀಸಲಿಡಬಹುದು. ಆರು ಮೀಟರ್ ವ್ಯಾಸದ, ಮೇಲಿನಿಂದ ತೂಗುವ ಬೆಳಕಿನ ಭೂಗೋಳದ ಕೆಳಗೆ ಒರಗಿಕೊಂಡು ಮೋಡಗಳು ಚಲಿಸುವುದನ್ನು ನೋಡಿದ ಮಗು ಭೂಗೋಳದ ಪಾಠವನ್ನು ಮರೆಯುವುದು ಕಷ್ಟ.

ಭಾಷೆಯ ಬಗ್ಗೆ ಹೆದರಬೇಕಿಲ್ಲ. ಜಪಾನೀ ಅಕ್ಷರಮಾಲೆಯ ಕ್ರಮ ಸಂಸ್ಕೃತದ ವರ್ಣಮಾಲೆಯನ್ನು ಅನುಸರಿಸಿದ್ದು: ಅ, ಇ, ಉ, ಎ, ಒ, ಅನಂತರ ಕ, ಸ, ತ, ನ, ಹ, ಮ, ಯ, ರ, ವ. ವಾಕ್ಯರಚನೆಯೂ ಕನ್ನಡದಂತೆಯೇ, ಕ್ರಿಯಾಪದ ಕೊನೆಗೆ. 'ವಾತಾಶಿ ವಾ ಕ್ಯೋಟೋ ಎ ಇಕಿಮಾಸು' ಎಂದರೆ 'ನಾನು ಕ್ಯೋಟೋಗೆ ಹೋಗುತ್ತೇನೆ'. ಪದಗಳು ಬಂದ ಕ್ರಮವನ್ನು ಗಮನಿಸಿ! ದಾರಿ ಕೇಳಲು, ಕ್ಷಮೆ ಯಾಚಿಸಲು ಎರಡಕ್ಕೂ 'ಸುಮಿಮಾಸೆನ್', ಕೃತಜ್ಞತೆಗೆ 'ಅರಿಗಾತೊ ಗೊಜೈಮಾಸು' ಸಾಕು.

ಬುಲೆಟ್ ರೈಲಿನ ಲೆಕ್ಕ

ನಾಲ್ಕನೆಯ ದಿನ ಕ್ಯೋಟೋಗೆ. ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಮೊದಲು ಓಡಿದ್ದು 1964ರ ಅಕ್ಟೋಬರ್ 1ರಂದು, ಟೋಕಿಯೋ ಒಲಿಂಪಿಕ್ಸಿಗೆ ಒಂಬತ್ತು ದಿನ ಮೊದಲು. ಆಗ ಅದರ ಗರಿಷ್ಠ ವೇಗ ಗಂಟೆಗೆ 210 ಕಿಲೋಮೀಟರ್. ಇಂದು ಇದೇ ಹಳಿಯ ಮೇಲೆ 285. ಟೋಕಿಯೋದಿಂದ ಕ್ಯೋಟೋಗೆ ಸುಮಾರು ಎರಡೂಕಾಲು ಗಂಟೆ. ಬಲಬದಿಯ ಕಿಟಕಿ ಸಿಕ್ಕರೆ, ಆಕಾಶ ತಿಳಿಯಾಗಿದ್ದರೆ, ಮುಕ್ಕಾಲು ಗಂಟೆಯ ಹೊತ್ತಿಗೆ 3,776 ಮೀಟರ್ ಎತ್ತರದ ಫುಜಿ ಪರ್ವತ ಕಾಣುತ್ತದೆ.

ಪ್ರವಾಸಿಗರಿಗೆಂದೇ ಇರುವ ಏಳು ದಿನಗಳ ಜಪಾನ್ ರೈಲ್ ಪಾಸನ್ನು ಕೊಳ್ಳಿರೆಂದು ಹಳೆಯ ಪುಸ್ತಕಗಳೆಲ್ಲ ಹೇಳುತ್ತವೆ. ಆದರೆ 2023ರ ಅಕ್ಟೋಬರ್‌ನಲ್ಲಿ ಅದರ ಬೆಲೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೋ-ಕ್ಯೋಟೋ ಟಿಕೆಟ್ಟಿಗೆ ಸುಮಾರು 14,000 ಯೆನ್, ಕ್ಯೋಟೋ-ಹಿರೋಷಿಮಾಗೆ ಸುಮಾರು 11,500, ಹಿರೋಷಿಮಾ-ಒಸಾಕಾಗೆ ಸುಮಾರು 10,500 ಎಂದು ಕೂಡಿದರೆ 36,000 ಯೆನ್. ಅಂದರೆ ಈ ದಾರಿಗೆ ಪಾಸಿಗಿಂತ ಬಿಡಿ ಟಿಕೆಟ್ಟೇ ಅಗ್ಗ. ಟೋಕಿಯೋದಲ್ಲಿ ಇಳಿದು ಒಸಾಕಾ ಬಳಿಯ ಕನ್ಸೈ ನಿಲ್ದಾಣದಿಂದ ಸಿಂಗಪುರವೋ ಬ್ಯಾಂಕಾಕೋ ಮಾರ್ಗವಾಗಿ ಮರಳುವಂತೆ ವಿಮಾನ ಟಿಕೆಟ್ ಮಾಡಿಸಿದರೆ ಮತ್ತೆ ಟೋಕಿಯೋಗೆ ಬರುವ ಖರ್ಚೂ ಉಳಿಯುತ್ತದೆ. ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರ್ ದಾಟುವ ಪೆಟ್ಟಿಗೆಗೆ ಈ ರೈಲುಗಳಲ್ಲಿ ಮೊದಲೇ ಪ್ರತ್ಯೇಕ ಆಸನ ಕಾದಿರಿಸಬೇಕು. ಚಿಕ್ಕ ಪೆಟ್ಟಿಗೆಯೇ ಚೆನ್ನ.

ರೈಲಿನೊಳಗೆ ಯಾರೂ ಮೊಬೈಲಿನಲ್ಲಿ ಮಾತನಾಡುವುದಿಲ್ಲ. ಎಸ್ಕಲೇಟರಿನಲ್ಲಿ ಟೋಕಿಯೋದವರು ಎಡಕ್ಕೆ ನಿಂತರೆ ಒಸಾಕಾದವರು ಬಲಕ್ಕೆ ನಿಲ್ಲುತ್ತಾರೆ. ಬೀದಿಯಲ್ಲಿ ಕಸದ ತೊಟ್ಟಿ ಕಾಣುವುದೇ ಅಪರೂಪ. 1995ರಲ್ಲಿ ಟೋಕಿಯೋ ಸುರಂಗ ರೈಲಿನಲ್ಲಿ ವಿಷಾನಿಲ ಬಿಟ್ಟ ಘಟನೆಯ ನಂತರ ಅನೇಕ ಕಡೆ ತೊಟ್ಟಿಗಳನ್ನು ತೆಗೆಯಲಾಯಿತು. ಜನ ಕಸವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಾರೆ. ಆಶ್ಚರ್ಯವೇನಿಲ್ಲ, ಅಲ್ಲಿನ ಶಾಲೆಗಳಲ್ಲಿ ತರಗತಿಯನ್ನು ಗುಡಿಸಿ ಒರೆಸುವವರು ಮಕ್ಕಳೇ.

ಕ್ಯೋಟೋ ಮತ್ತು ನಾರಾ

794ರಿಂದ ಸಾವಿರ ವರ್ಷಕ್ಕೂ ಮಿಕ್ಕಿ ರಾಜಧಾನಿಯಾಗಿದ್ದ ಕ್ಯೋಟೋದಲ್ಲಿ ನೋಡುವಂಥವು ನೂರಾರು. ಎಲ್ಲವನ್ನೂ ನೋಡಹೊರಟವರು ಯಾವುದನ್ನೂ ನೋಡಿರುವುದಿಲ್ಲ. ಎರಡು ದಿನಕ್ಕೆ ನಾಲ್ಕು ಸ್ಥಳ ಸಾಕು. ಬೆಳಗಿನ ಏಳಕ್ಕೆ ಮೊದಲೇ ಫುಶಿಮಿ ಇನಾರಿಯ ಸಾವಿರಾರು ಕೆಂಪು ಕಮಾನುಗಳ ಕೆಳಗೆ ಬೆಟ್ಟ ಹತ್ತುವುದು. ಬೆಟ್ಟದಂಚಿಗೆ ಚಾಚಿದ, ಮೊಳೆಯಿಲ್ಲದೆ ಮರದ ತೊಲೆಗಳನ್ನೇ ಹೆಣೆದು ನಿಲ್ಲಿಸಿದ ಕಿಯೋಮಿಜು ದೇವಾಲಯದ ಜಗಲಿ. 1950ರಲ್ಲಿ ಬೆಂಕಿಗೆ ಬಲಿಯಾಗಿ 1955ರಲ್ಲಿ ಮತ್ತೆ ಕಟ್ಟಿದ, ಚಿನ್ನದ ತಗಡಿನ ಕಿಂಕಾಕುಜಿ. ಹಬೆಯ ಇಂಜಿನುಗಳಿರುವ ರೈಲ್ವೆ ವಸ್ತುಸಂಗ್ರಹಾಲಯ. ಗಿಯೋನ್ ಬಡಾವಣೆಯ ಗೇಶಾ ಕಲಾವಿದೆಯರ ಹಿಂದೆ ಕ್ಯಾಮೆರಾ ಹಿಡಿದು ಓಡುವುದು ಸಲ್ಲದು. ಪ್ರವಾಸಿಗರ ಉಪಟಳ ತಾಳದೆ ಅಲ್ಲಿನವರು 2024ರಲ್ಲಿ ತಮ್ಮ ಖಾಸಗಿ ಓಣಿಗಳಿಗೆ ಪ್ರವೇಶವನ್ನೇ ನಿಷೇಧಿಸಿದರು. ದೇವಾಲಯ, ವಸತಿಗೃಹಗಳಲ್ಲಿ ಪಾದರಕ್ಷೆ ಕಳಚಬೇಕು. ತೂತಿಲ್ಲದ ಕಾಲುಚೀಲ ಇರಲಿ!

ಕ್ಯೋಟೋದಿಂದ ನಾರಾ ಒಂದು ಗಂಟೆಯೊಳಗಿನ ರೈಲು ದಾರಿ. ಸಾವಿರಕ್ಕೂ ಹೆಚ್ಚು ಜಿಂಕೆಗಳು ಊರಿನ ಉದ್ಯಾನದಲ್ಲಿ ನಿರ್ಭಯವಾಗಿ ತಿರುಗುತ್ತವೆ. ಬಿಸ್ಕತ್ತು ತೋರಿಸಿದರೆ ತಲೆಬಾಗಿ ನಮಸ್ಕರಿಸುತ್ತವೆ. ಕೊಡದೆ ಸತಾಯಿಸಿದರೆ ಅಂಗಿಯನ್ನೇ ಕಚ್ಚುತ್ತವೆ, ಚಿಕ್ಕ ಮಕ್ಕಳ ಬಗ್ಗೆ ಜಾಗ್ರತೆ. ಇಲ್ಲಿನ ತೋದೈಜಿ ದೇವಾಲಯದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ ಕುಳಿತಿದ್ದಾನೆ. 752ರಲ್ಲಿ ಈ ಮಹಾಮೂರ್ತಿಗೆ ಕುಂಚದಿಂದ ಕಣ್ಣು ಬರೆದು ಪ್ರತಿಷ್ಠಾಪನೆ ಮಾಡಿದವನು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು.

ಊಟದ ಚಿಂತೆ

ಸಸ್ಯಾಹಾರಿಗಳು ತಿಳಿಯಬೇಕಾದ ಪದ 'ದಾಶಿ'. ಒಣಮೀನು, ಕಡಲ ಪಾಚಿಗಳಿಂದ ಇಳಿಸಿದ ಈ ತಿಳಿಸಾರು ಜಪಾನೀ ಅಡಿಗೆಯ ಜೀವಾಳ. ಮೇಲ್ನೋಟಕ್ಕೆ ತರಕಾರಿ ಮಾತ್ರ ಕಾಣುವ ಮಿಸೋ ಸೂಪು, ಉದೋನ್ ಶ್ಯಾವಿಗೆಗಳಲ್ಲೂ ಅದು ಇರುತ್ತದೆ. 'ಮಾಂಸವಿಲ್ಲ' ಎಂದು ಹೋಟೆಲಿನವರು ಹೇಳಿದರೆ ಅದರಲ್ಲಿ ಸುಳ್ಳಿಲ್ಲ, ಮೀನಿನ ಸಾರನ್ನು ಅವರು ಮಾಂಸವೆಂದು ಎಣಿಸುವುದಿಲ್ಲ ಅಷ್ಟೆ. 'ಮಾಂಸ, ಮೀನು, ಮೀನಿನ ದಾಶಿ ಬೇಡ' ಎಂದು ಜಪಾನಿ ಲಿಪಿಯಲ್ಲಿ ಬರೆಸಿದ ಚೀಟಿಯೊಂದು ಕಿಸೆಯಲ್ಲಿದ್ದರೆ ಅರ್ಧ ಕಷ್ಟ ಪರಿಹಾರ. ಕ್ಯೋಟೋದ ಬೌದ್ಧ ವಿಹಾರಗಳಲ್ಲಿ 'ಶೋಜಿನ್ ರ್‍ಯೋರಿ' ಎಂಬ ಶುದ್ಧ ಸಸ್ಯಾಹಾರದ ಊಟವಿದೆ, ದುಬಾರಿ. ದೊಡ್ಡ ನಗರಗಳಲ್ಲೆಲ್ಲ ಭಾರತೀಯ ಹೋಟೆಲುಗಳಿವೆ. ಟೋಕಿಯೋದ ನಿಶಿಕಸಾಯಿ ಬಡಾವಣೆಯಲ್ಲಿ ಭಾರತೀಯರೇ ಬಹಳ ಮಂದಿ ನೆಲೆಸಿದ್ದಾರೆ. ಬಿಸಿನೀರು ಹುಯ್ದರೆ ಸಿದ್ಧವಾಗುವ ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣಗಳು ಬೆಳಗಿನ ಹೊತ್ತಿಗೆ ದೊಡ್ಡ ಆಸರೆ. ಊಟ ಮುಗಿಸಿ 'ಟಿಪ್ಸ್' ಇಡುವ ಪದ್ಧತಿ ಇಲ್ಲ. ಮೇಜಿನ ಮೇಲೆ ಬಿಟ್ಟ ಚಿಲ್ಲರೆಯನ್ನು ಮರೆತು ಹೋದಿರೆಂದು ಮಾಣಿ ಓಡಿಬಂದು ಕೊಟ್ಟಾನು!

ಅಂಗಡಿ ಬೀದಿಯಲ್ಲಿ

ಜಪಾನಿನಲ್ಲಿ ಚೌಕಾಸಿ ಇಲ್ಲ. ಹಣವನ್ನು ಕೈಗೆ ಕೊಡದೆ ಮುಂದಿಟ್ಟ ತಟ್ಟೆಯಲ್ಲಿಡುವುದು ಶಿಷ್ಟಾಚಾರ. ವಸ್ತುಗಳ ಮೇಲೆ ಶೇಕಡ 10, ಆಹಾರ ಪದಾರ್ಥಗಳ ಮೇಲೆ ಶೇಕಡ 8 ತೆರಿಗೆ. ಪ್ರವಾಸಿಗರಿಗೆ ತೆರಿಗೆ ವಿನಾಯಿತಿ ಕೊಡುವ ಅಂಗಡಿಯಲ್ಲಿ ಒಂದೇ ದಿನ ಕನಿಷ್ಠ 5,000 ಯೆನ್ ಖರೀದಿಸಿ ಪಾಸ್‌ಪೋರ್ಟ್ ತೋರಿಸಬೇಕು. 2026ರ ನವೆಂಬರ್ 1ರಿಂದ ಇದರ ಕ್ರಮ ಬೇರೆ: ಅಂಗಡಿಯಲ್ಲಿ ತೆರಿಗೆ ಸಹಿತ ಪಾವತಿಸಿ, ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲಿ ಸಾಮಾನು ತೋರಿಸಿ ಮರಳಿ ಪಡೆಯುವುದು.

ಟೋಕಿಯೋದ ಅಕಿಹಬಾರಾ ವಿದ್ಯುನ್ಮಾನ ವಸ್ತುಗಳ ಸಂತೆ. ಅಲ್ಲಿ ಅನ್ನದ ಕುಕ್ಕರ್ ಕಂಡು ತಾಯಂದಿರ ಮನಸ್ಸು ಕರಗುವುದು ಸಹಜ. ಆದರೆ ಕೆಟಲಿನ ಲೆಕ್ಕವನ್ನು ತಿರುಗಿಸಿ ನೋಡಬೇಕು: 100 ವೋಲ್ಟಿನ ಕುಕ್ಕರನ್ನು ಮನೆಯ 230 ವೋಲ್ಟಿಗೆ ಚುಚ್ಚಿದರೆ ಐದು ಪಟ್ಟಿಗೂ ಹೆಚ್ಚು ಶಕ್ತಿ ನುಗ್ಗಿ ಅನ್ನಕ್ಕೆ ಮೊದಲು ಕುಕ್ಕರೇ ಬೇಯುತ್ತದೆ. '100-240' ಎಂದು ಬರೆದಿದ್ದರೆ ಮಾತ್ರ ಕೊಳ್ಳಬಹುದು. ಅಂದಹಾಗೆ, ಪೂರ್ವ ಜಪಾನಿನಲ್ಲಿ ವಿದ್ಯುತ್ತಿನ ಆವರ್ತಾಂಕ 50 ಹರ್ಟ್ಸ್, ಪಶ್ಚಿಮದಲ್ಲಿ 60. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಟೋಕಿಯೋದವರು ಜರ್ಮನಿಯಿಂದ, ಒಸಾಕಾದವರು ಅಮೆರಿಕದಿಂದ ಜನರೇಟರ್ ತರಿಸಿದ್ದರ ಫಲ ಇದು.

ಕಡಿಮೆ ಖರ್ಚಿನಲ್ಲಿ ಉಡುಗೊರೆ ಬೇಕಾದವರಿಗೆ ನೂರು ಯೆನ್ ಅಂಗಡಿಗಳಿವೆ. ತೆರಿಗೆ ಸೇರಿ 110 ಯೆನ್. ಪೆನ್ಸಿಲು, ರಬ್ಬರು, ಬಣ್ಣದ ಕಾಗದ, ಬೀಸಣಿಗೆ ಎಲ್ಲವೂ ಸಿಗುತ್ತವೆ. ವಿದ್ಯಾರ್ಥಿಗಳಿಗೆ ತಕ್ಕ ಕಾಣಿಕೆಯೆಂದರೆ ದಾರುಮಾ ಗೊಂಬೆ. ಗುಂಡಗೆ, ಕೆಂಪಗೆ, ಕೈಕಾಲಿಲ್ಲದ ಈ ಗೊಂಬೆ ದಕ್ಷಿಣ ಭಾರತದಿಂದ ಚೀನಾಕ್ಕೆ ಹೋದನೆಂದು ಪ್ರತೀತಿಯಿರುವ ಬೋಧಿಧರ್ಮನದು. ಗೊಂಬೆಗೆ ಕಣ್ಣು ಬರೆದಿರುವುದಿಲ್ಲ. ಸಂಕಲ್ಪ ಮಾಡಿ ಒಂದು ಕಣ್ಣು ಬರೆಯಬೇಕು, ಕೆಲಸ ಈಡೇರಿದ ಮೇಲೆ ಇನ್ನೊಂದು. ಗುರುತ್ವಕೇಂದ್ರ ಕೆಳಗಿರುವುದರಿಂದ ಎಷ್ಟು ಸಲ ಬೀಳಿಸಿದರೂ ಎದ್ದು ಕೂರುತ್ತದೆ. ಎಸ್ಸೆಸ್ಸೆಲ್ಸಿಯ ಮೇಜಿನ ಮೇಲೆ ಇದಕ್ಕಿಂತ ಒಳ್ಳೆಯ ಸಂಗಾತಿ ಬೇಕೆ?

ನೆಲ ನಡುಗಿದರೆ

ಜಪಾನಿನಲ್ಲಿ ಭೂಮಿ ಆಗಾಗ ಅಲುಗುತ್ತದೆ. ಹೆಚ್ಚಿನವು ಗಮನಕ್ಕೇ ಬಾರದಂಥವು. ಭೂಕಂಪದಲ್ಲಿ ಎರಡು ಬಗೆಯ ಅಲೆಗಳು ಹೊರಡುತ್ತವೆ: ವೇಗದ, ಸೌಮ್ಯವಾದ 'ಪಿ' ಅಲೆ ಮೊದಲು, ನಿಧಾನದ, ವಿನಾಶಕಾರಿಯಾದ 'ಎಸ್' ಅಲೆ ಅನಂತರ. ಈ ಅಂತರದ ಕೆಲವೇ ಸೆಕೆಂಡುಗಳಲ್ಲಿ ಮೊಬೈಲುಗಳು ಎಚ್ಚರಿಕೆ ಕೂಗುತ್ತವೆ, ಬುಲೆಟ್ ರೈಲುಗಳಿಗೆ ಬ್ರೇಕ್ ಬೀಳುತ್ತದೆ. 2011ರ ಮಾರ್ಚ್ 11ರ 9.0 ಪ್ರಮಾಣದ ಮಹಾಕಂಪದಲ್ಲೂ ಪ್ರಯಾಣಿಕರಿದ್ದ ಒಂದು ಬುಲೆಟ್ ರೈಲೂ ಹಳಿ ತಪ್ಪಲಿಲ್ಲ.

ಕಂಪನವಾದಾಗ ಹೊರಗೆ ಓಡಬಾರದು. ಗಟ್ಟಿ ಮೇಜಿನ ಕೆಳಗೆ ಕುಳಿತು ತಲೆಯನ್ನು ಕಾಪಾಡಿಕೊಳ್ಳಬೇಕು. ಲಿಫ್ಟ್ ಬಳಸಬಾರದು. ಸಮುದ್ರತೀರದಲ್ಲಿದ್ದರೆ ಕೂಡಲೇ ಎತ್ತರದ ಜಾಗಕ್ಕೆ ಹೋಗಬೇಕು. ಹೋಟೆಲಿಗೆ ಬಂದ ಮೊದಲ ರಾತ್ರಿಯೇ ತುರ್ತು ಮೆಟ್ಟಿಲು ಎಲ್ಲಿದೆ ಎಂದು ಮಕ್ಕಳಿಂದಲೇ ಹುಡುಕಿಸುವುದು ಒಳ್ಳೆಯ ಆಟ. ಪೊಲೀಸರಿಗೆ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119.

ಹಿರೋಷಿಮಾಗೆ ಮಕ್ಕಳನ್ನು ಕರೆದೊಯ್ಯಬೇಕೆ?

ಅನೇಕ ಕುಟುಂಬಗಳು ಕ್ಯೋಟೋದಿಂದ ನೇರ ಒಸಾಕಾಗೆ ಹೋಗಿ, ಕೋಟೆ ನೋಡಿ, ದೋತೊನ್‌ಬೊರಿಯ ದೀಪಗಳ ಕೆಳಗೆ ಫೋಟೋ ತೆಗೆಸಿಕೊಂಡು ಹಿಂದಿರುಗುತ್ತವೆ. ಹಿರೋಷಿಮಾ ಏಕೆ ಬೇಡವೆಂದರೆ ತಾಯಂದಿರು ಕೊಡುವ ಕಾರಣ ಎರಡು. ವಿಕಿರಣದ ಭಯ ಒಂದು. ರಜೆಯಲ್ಲಿ ಮಕ್ಕಳಿಗೆ ಅಂಥ ದುಃಖವನ್ನು ಏಕೆ ತೋರಿಸಬೇಕೆಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. 1945ರ ಆಗಸ್ಟ್ 6ರ ಬೆಳಗ್ಗೆ 8.15ಕ್ಕೆ ಬಾಂಬು ಸಿಡಿದದ್ದು ನೆಲದ ಮೇಲಲ್ಲ, ಸುಮಾರು 600 ಮೀಟರ್ ಎತ್ತರದಲ್ಲಿ. ವಿಕಿರಣಶೀಲ ಧೂಳಿನ ಬಹುಪಾಲು ಮೇಲಕ್ಕೇರಿ ಚದುರಿಹೋಯಿತು; ನೆಲದಲ್ಲಿ ಉಂಟಾದ ವಿಕಿರಣ ಬೇಗ ಕ್ಷೀಣಿಸಿತು. ಇಂದು ಅಲ್ಲಿರುವುದು ಬೇರೆಲ್ಲ ಊರುಗಳಲ್ಲಿರುವಂಥ ಸಹಜ ವಿಕಿರಣ ಮಾತ್ರ. ಸುಮಾರು ಹನ್ನೆರಡು ಲಕ್ಷ ಜನ ವಾಸಿಸುವ, ಹಸಿರು ತುಂಬಿದ ನಗರ ಅದು. ಬಾಂಬು ಬಿದ್ದ ಮೂರನೆಯ ದಿನವೇ ಅಲ್ಲಿ ಟ್ರಾಮ್ ಮತ್ತೆ ಓಡತೊಡಗಿತ್ತು. ಇಂದೂ ಶಾಂತಿ ಉದ್ಯಾನಕ್ಕೆ ಹೋಗಲು ಟ್ರಾಮೇ ಅನುಕೂಲ.

ಎರಡನೆಯ ಪ್ರಶ್ನೆ ಕಷ್ಟದ್ದು. ಅದಕ್ಕೆ ಉತ್ತರ ಹುಡುಕಲು ಕ್ಯೋಟೋವನ್ನು ನೆನೆಯಬೇಕು. 1945ರ ಮೇ ತಿಂಗಳಲ್ಲಿ ಅಮೆರಿಕದ ಸಮಿತಿ ಗುರುತಿಸಿದ ಗುರಿಗಳ ಪಟ್ಟಿಯಲ್ಲಿ ಕ್ಯೋಟೋದ ಹೆಸರೂ ಇತ್ತು. ಆ ಊರನ್ನು ಹಿಂದೆ ಕಂಡಿದ್ದ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಹಟ ಹಿಡಿದು ಅದನ್ನು ತೆಗೆಸಿದರು. ಕಿಂಕಾಕುಜಿಯ ಕೊಳದ ಮುಂದೆ ನಿಂತು ನಕ್ಕ ಮಗುವಿಗೆ ಈ ಮಾತು ಗೊತ್ತಾಗುವುದು ಬೇಡವೆ? ಉಳಿದ ಊರನ್ನು ನೋಡಿ ಅಳಿದ ಊರನ್ನು ನೋಡದೆ ಬಂದರೆ ಜಪಾನನ್ನು ಅರ್ಧ ಮಾತ್ರ ನೋಡಿದಂತೆ.

ಆ ಬಾಂಬಿನಲ್ಲಿದ್ದ ಯುರೇನಿಯಂ ಸುಮಾರು 64 ಕಿಲೋಗ್ರಾಂ. ಅದರಲ್ಲಿ ಒಡೆದದ್ದು ಒಂದು ಕಿಲೋಗ್ರಾಂಗೂ ಕಡಿಮೆ. ನಿಜವಾಗಿ ಶಕ್ತಿಯಾಗಿ ಮಾರ್ಪಟ್ಟ ದ್ರವ್ಯ ಒಂದು ಗ್ರಾಂಗಿಂತಲೂ ಕಡಿಮೆ. ಐನ್‌ಸ್ಟೈನರ ಸೂತ್ರವನ್ನು ಬಾಯಿಪಾಠ ಮಾಡಿ ಎರಡು ಅಂಕ ಪಡೆಯುವ ವಿದ್ಯಾರ್ಥಿ, ಗುಮ್ಮಟದ ಕಬ್ಬಿಣದ ಅಸ್ಥಿಪಂಜರ ಮಾತ್ರ ಉಳಿದ ಆ ಕಟ್ಟಡದ ಮುಂದೆ ನಿಂತಾಗ ಸೂತ್ರದ ತೂಕವನ್ನು ಮೊದಲ ಬಾರಿಗೆ ಅರಿಯುತ್ತಾನೆ. ಜೆಕ್ ವಾಸ್ತುಶಿಲ್ಪಿ ಯಾನ್ ಲೆಟ್ಜೆಲ್ ವಿನ್ಯಾಸಗೊಳಿಸಿ 1915ರಲ್ಲಿ ಪೂರ್ಣಗೊಂಡ ಅದು ಕೈಗಾರಿಕಾ ವಸ್ತುಗಳ ಪ್ರದರ್ಶನಾಲಯವಾಗಿತ್ತು. 1996ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವಾಗಿ ಘೋಷಿಸಿತು. ಆ ವರ್ಷಾಂತ್ಯದೊಳಗೆ ಸತ್ತವರ ಸಂಖ್ಯೆಯನ್ನು ಸುಮಾರು 1,40,000 ಎಂದು ಅಂದಾಜಿಸಲಾಗಿದೆ. ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ಬಯಲು ಮಾಡಲು ಅಂದು ಬೆಳಿಗ್ಗೆ ಶಾಲೆಗಳಿಂದ ಕರೆತಂದಿದ್ದ ಹನ್ನೆರಡು, ಹದಿಮೂರು ವರ್ಷದ ಮಕ್ಕಳು ಅವರಲ್ಲಿ ಸಾವಿರಾರು.

1955ರಲ್ಲಿ ತೆರೆದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದ ಪ್ರವೇಶ ಶುಲ್ಕ ದೊಡ್ಡವರಿಗೆ ಕೇವಲ 200 ಯೆನ್. ಜೂನಿಯರ್ ಹೈಸ್ಕೂಲಿನವರೆಗಿನ ಮಕ್ಕಳಿಗೆ ಉಚಿತ. ಒಳಗೆ ಇರುವುದು 8.15ಕ್ಕೆ ನಿಂತ ಗಡಿಯಾರ, ಕರಕಲಾದ ಅನ್ನವುಳ್ಳ ಬುತ್ತಿ, ಮೂರು ವರ್ಷದ ಮಗುವೊಂದರ ಮೂರು ಚಕ್ರದ ಸೈಕಲ್ಲು. ಎಳೆಯ ಮಕ್ಕಳಿಗೆ ಒಳಗಿನ ಚಿತ್ರಗಳು ಭಾರವಾಗಬಹುದು. ಅವರನ್ನು ತಂದೆ ತಾಯಿಯರಲ್ಲಿ ಒಬ್ಬರು ಹೊರಗಿನ ಉದ್ಯಾನದಲ್ಲಿ ಸುತ್ತಾಡಿಸಬಹುದು. ಹೈಸ್ಕೂಲಿನ ಮಕ್ಕಳಿಗೆ ಊರಲ್ಲೇ ವಿಷಯ ತಿಳಿಸಿ, ಹೆದರಿಕೆಯಾದರೆ ಯಾವಾಗ ಬೇಕಾದರೂ ಹೊರಬರಬಹುದೆಂದು ಹೇಳಿ ಕರೆದೊಯ್ಯಬೇಕು. ಜಪಾನಿನ ಶಾಲೆಗಳು ಮಾಡುವುದೂ ಅದನ್ನೇ. ಅಲ್ಲಿನ ಶೈಕ್ಷಣಿಕ ಪ್ರವಾಸದ ಮಕ್ಕಳು ತಿಂಗಳು ಮೊದಲೇ ಓದಿಕೊಂಡು ಬರುತ್ತಾರೆ. ಮಧ್ಯಾಹ್ನದ ನಂತರ ದೋಣಿಯೇರಿ ಮಿಯಾಜಿಮಾ ದ್ವೀಪಕ್ಕೆ ಹೋದರೆ, ಉಬ್ಬರದ ಹೊತ್ತಿಗೆ ನೀರಿನ ಮೇಲೆ ತೇಲುವಂತೆ ಕಾಣುವ ಕೆಂಪು ಕಮಾನು ಮನಸ್ಸನ್ನು ಹಗುರಗೊಳಿಸುತ್ತದೆ.

ಉದ್ಯಾನದ ನಡುವೆ ಒಬ್ಬ ಬಾಲಕಿಯ ಸ್ಮಾರಕವಿದೆ. ಬಾಂಬು ಬಿದ್ದಾಗ ಸದಾಕೋ ಸಸಾಕಿಗೆ ಎರಡು ವರ್ಷ. ಗಾಯವಿಲ್ಲದೆ ಉಳಿದಳು, ಶಾಲೆಯ ಓಟದಲ್ಲಿ ಮುಂದಿದ್ದಳು. 1955ರಲ್ಲಿ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ಸಾವಿರ ಕಾಗದದ ಕೊಕ್ಕರೆ ಮಡಿಸಿದರೆ ಬಯಕೆ ಈಡೇರುತ್ತದೆಂಬ ನಂಬಿಕೆಯಿಂದ ಆಸ್ಪತ್ರೆಯಲ್ಲಿ ಔಷಧಿಯ ಹೊದಿಕೆಗಳನ್ನೂ ಬಿಡದೆ ಮಡಿಸಿದಳು. ಆ ಅಕ್ಟೋಬರ್ 25ರಂದು ತೀರಿಕೊಂಡಳು. ಅವಳ ಸಹಪಾಠಿಗಳು ಹಣ ಕೂಡಿಸಲು ಹೊರಟರು. ದೇಶದ ಮಕ್ಕಳೆಲ್ಲ ಕೈಜೋಡಿಸಿದರು. 1958ರಲ್ಲಿ ಸ್ಮಾರಕ ಎದ್ದು ನಿಂತಿತು. ಬದುಕುಳಿದವರ ಸಂಘಟನೆಯಾದ ನಿಹೋನ್ ಹಿಡಾಂಕ್ಯೋಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು.

ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಒಯ್ಯಬೇಕಾದ ಸಾಮಾನು ಒಂದೇ. ಹೊರಡುವ ಹಿಂದಿನ ಸಂಜೆ ಮನೆಯವರೆಲ್ಲ ಕುಳಿತು, ಹಳೆಯ ನೋಟುಪುಸ್ತಕದ ಹಾಳೆಯನ್ನು ಚೌಕಾಕಾರವಾಗಿ ಕತ್ತರಿಸಿ ಒಂದೊಂದು ಕೊಕ್ಕರೆ ಮಡಿಸಬೇಕು. ತೂಕವಿಲ್ಲ, ಸುಂಕವಿಲ್ಲ, ವೋಲ್ಟೇಜಿನ ಗೊಡವೆಯೂ ಇಲ್ಲ. ಸ್ಮಾರಕದ ಸುತ್ತಲಿನ ಗಾಜಿನ ಗೂಡುಗಳಲ್ಲಿ ಜಗತ್ತಿನ ಎಲ್ಲೆಡೆಯಿಂದ ಬಂದ ಲಕ್ಷಾಂತರ ಕೊಕ್ಕರೆಗಳ ನಡುವೆ ಅದಕ್ಕೂ ಜಾಗವಿದೆ. ಟೋಕಿಯೋದ ಮಕ್ಕಳು ಒಮ್ಮೆ ಕಾಗದದ ಮೇಲೆ ಬರೆದು ಕೇಳಿದಾಗ ಮೈಸೂರಿನಿಂದ ಆನೆ ಹೋಗಿತ್ತು. ಈಗ ಕನ್ನಡದ ಮಕ್ಕಳು ಕಾಗದದ ಹಕ್ಕಿಯೊಂದನ್ನು ಒಯ್ಯಬಹುದು.